ಬಣ್ಣದ ಮೊಟ್ಟೆಗೆ ಯಾವ ಹುಂಜ? ಮೂರು ಬೆರಕೆ ಹುಂಜಗಳ ಒಂದು ಪ್ರಕರಣ

ಹುಂಜ ಮೊಟ್ಟೆ ಇಡುವುದಿಲ್ಲ. ಬಣ್ಣದ ಮೊಟ್ಟೆಗಾಗಿ ಕೋಳಿ ಸಾಕುವವರ ತಲೆನೋವು ಶುರುವಾಗುವುದೇ ಇಲ್ಲಿ. ಹೇಂಟೆಯ ಗುಣ ತಿಳಿಯಲು ಗೂಡಿಗೆ ಕೈಹಾಕಿದರೆ ಸಾಕು. ಹುಂಜದ ಗುಣ ತಿಳಿಯಬೇಕಾದರೆ ಅದರ ಹೆಣ್ಣುಮರಿಗಳು ಮೊಟ್ಟೆಗೆ ಬರುವತನಕ, ಅಂದರೆ ಆರೇಳು ತಿಂಗಳು ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರು ಗರಿ ನೋಡಿ, ಗತ್ತು ನೋಡಿ ಹುಂಜ ಆರಿಸುತ್ತಾರೆ. ಮರುವರ್ಷ ಬುಟ್ಟಿಯ ತುಂಬ ಹಾಲು ಬೆರೆಸಿದ ಕಾಫಿಯ ಬಣ್ಣದ ಮೊಟ್ಟೆಗಳು ಬಂದು ಕೂರುತ್ತವೆ.

ಇಲ್ಲಿ ಬಿಡಿಸಿಟ್ಟಿರುವುದು ಅಂಥದೇ ಒಂದು ಹಿಂಡಿನ ಕಥೆ. ಬೆರಕೆ ಹಿಂಡುಗಳಲ್ಲಿ ಪದೇಪದೇ ಎದುರಾಗುವ ತೊಡಕುಗಳನ್ನು ಒಂದೇ ಹಿಂಡಿಗೆ ಇಳಿಸಿ, ಲೆಕ್ಕ ಸ್ಪಷ್ಟವಾಗಲೆಂದು ಕಟ್ಟಿಕೊಂಡ ಮಾದರಿ ಪ್ರಕರಣ ಇದು.

ಹಿಂಡು ಮತ್ತು ಹಿಂದಿನ ವರ್ಷದ ಸೋಲು

ಹುಂಜಗಳು ಮೂರು. ಮೊದಲನೆಯದು ಕೆನ್ನೆಯ ಮೇಲೆ ಉಬ್ಬಿದ ಗರಿ, ಗದ್ದದ ಕೆಳಗೆ ಗಡ್ಡ, ತಲೆಗೆ ಅಂಟಿಕೊಂಡ, ಮೂರು ತಗ್ಗು ಸಾಲುಗಳ ಬಟಾಣಿ ಜುಟ್ಟು ಇರುವ ಮಾಸಲು ಕೆಂಪು ಹುಂಜ. ಹುಟ್ಟಿದ್ದು ಹಸಿರು ಮೊಟ್ಟೆಯಿಂದ. ಇದನ್ನು 'ಗಡ್ಡ' ಎನ್ನೋಣ. ಎರಡನೆಯದಕ್ಕೆ ಗರಗಸದಂಥ ಒಂಟಿ ಜುಟ್ಟು, ಅದರ ಹಿಂದೆ ನಾಲ್ಕಾರು ಗರಿಗಳ ಸಣ್ಣ ತುರಾಯಿ; ನೀಲಿ ಮೊಟ್ಟೆಯ ಕ್ರೀಮ್ ಲೆಗ್‌ಬಾರ್ ತಳಿಯ ರಕ್ತ ಇರುವುದು ನೋಡಿದರೇ ಗೊತ್ತಾಗುತ್ತದೆ. ಹುಟ್ಟಿದ್ದು ನೀಲಿ ಮೊಟ್ಟೆಯಿಂದ. ಇದು 'ತುರಾಯಿ'. ಮೂರನೆಯದು ಕಪ್ಪು ಮೈ, ಕತ್ತಿನ ಸುತ್ತ ತಾಮ್ರದ ಹೊಳಪು, ಕಾಲಿಗೆ ಗರಿ, ಒಂಟಿ ಜುಟ್ಟು. ಕಡು ಕಂದು ಮೊಟ್ಟೆ ಇಡುವ ಮರಾನ್ ಹೇಂಟೆಯ ಮಗ, ಅಪ್ಪ ಯಾರೆಂದು ಗೊತ್ತಿಲ್ಲ. ಇದು 'ಕರಿಯ'. ಮೂರರಲ್ಲಿ ಅತಿ ಸುಂದರ, ಹಿಂಡಿನ ಯಜಮಾನನೂ ಅವನೇ.

ಹೇಂಟೆಗಳು ಹನ್ನೊಂದು: ಬಿಳಿ ಮೊಟ್ಟೆಯ ಲೆಗ್‌ಹಾರ್ನ್ 3, ಕಡು ಕಂದಿನ ಮರಾನ್ 2, ಹಸಿರು ಮೊಟ್ಟೆಯ ಬೆರಕೆ 2, ಸಾಧಾರಣ ಕಂದು ಮೊಟ್ಟೆಯವು 4.

ಹಿಂದಿನ ವರ್ಷ ಎಲ್ಲವನ್ನೂ ಒಟ್ಟಿಗೇ ಬಿಟ್ಟು, ಸಿಕ್ಕ ಮೊಟ್ಟೆಗಳನ್ನು ಕಾವಿಗಿಟ್ಟದ್ದಾಯಿತು. ಬೆಳೆದು ಬಂದ 14 ಹೆಣ್ಣುಗಳಲ್ಲಿ ಹಸಿರು ಇಟ್ಟದ್ದು 4. ಉಳಿದ ಹತ್ತೂ ಕೆನೆ ಬಣ್ಣ, ತಿಳಿ ಕಂದು. ಯಾವ ಮರಿ ಯಾರದೆಂದು ಗೊತ್ತಿಲ್ಲದ್ದರಿಂದ ಈ ಹದಿನಾಲ್ಕು ಹೇಂಟೆಗಳು ಹುಂಜಗಳ ಬಗ್ಗೆ ಏನನ್ನೂ ಹೇಳಲಿಲ್ಲ. ಒಂದು ವರ್ಷದ ಮೇವು ಹೋಯಿತು, ಮಾಹಿತಿ ಸೊನ್ನೆ.

ಈ ಬಾರಿಯ ಗುರಿ: ಎರಡು ತಲೆಮಾರಿನೊಳಗೆ ತಿಳಿ ನೀಲಿ, ಆಲಿವ್ ಹಸಿರು, ಕಡು ಆಲಿವ್ ಈ ಮೂರೂ ಬುಟ್ಟಿಗೆ ಬರಬೇಕು. ಪ್ರಶ್ನೆ: ಮೂರು ಹುಂಜಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು?

ಎರಡೇ ಬಣ್ಣಗಳ ಆಟ

ಕೋಳಿಮೊಟ್ಟೆಯ ಬಣ್ಣಗಳೆಲ್ಲ ಮುಖ್ಯವಾಗಿ ಎರಡು ವರ್ಣದ್ರವ್ಯಗಳಿಂದ ಆದವು. ನೀಲಿಗೆ ಬಿಲಿವರ್ಡಿನ್, ಕಂದಿಗೆ ಪ್ರೊಟೊಪಾರ್ಫಿರಿನ್. ನೀಲಿ ಚಿಪ್ಪಿನ ದಪ್ಪದುದ್ದಕ್ಕೂ ಇಳಿದಿರುತ್ತದೆ. ಕಂದು ಹೆಚ್ಚಾಗಿ ಹೊರಮೈಯಲ್ಲಿ, ಮೊಟ್ಟೆ ಹೊರಬರುವ ಮುಂಚಿನ ಕೊನೆಯ ಕೆಲವು ಗಂಟೆಗಳಲ್ಲಿ ಬಳಿದುಕೊಳ್ಳುತ್ತದೆ. ಬಿಳಿ ಚಿಪ್ಪಿಗೆ ನೀಲಿ ಸೇರಿದರೆ ನೀಲಿ ಮೊಟ್ಟೆ, ನೀಲಿ ಚಿಪ್ಪಿನ ಮೇಲೆ ತೆಳು ಕಂದು ಬಿದ್ದರೆ ಹಸಿರು, ಗಾಢ ಕಂದು ಬಿದ್ದರೆ ಆಲಿವ್.

ವಂಶದ ಲೆಕ್ಕದಲ್ಲಿ ಮಾತ್ರ ಇವೆರಡೂ ಬೇರೆಬೇರೆ ದಾರಿ ಹಿಡಿಯುತ್ತವೆ. ನೀಲಿಗೆ ಒಂದೇ ಜೀನ್, ಅದೂ ಪ್ರಬಲ ಜೀನ್; ರೆಜಿನಾಲ್ಡ್ ಪನೆಟ್ ಇದನ್ನು 1933ರಲ್ಲೇ ತೋರಿಸಿದ್ದರು. ಪುರಾತನ ವೈರಸ್ಸೊಂದರ ತುಣುಕು ಜೀನಿನ ಪಕ್ಕ ಬಂದು ಸೇರಿಕೊಂಡದ್ದೇ ಈ ನೀಲಿಗೆ ಕಾರಣವೆಂದು 2013ರಲ್ಲಿ ಗೊತ್ತಾಯಿತು. ಮರಿಗೆ ಜೀನಿನ ಒಂದು ಪ್ರತಿ ಅಮ್ಮನಿಂದ, ಇನ್ನೊಂದು ಅಪ್ಪನಿಂದ ಬರುತ್ತದೆ; ನೀಲಿಯದು ಒಂದು ಪ್ರತಿ ಇದ್ದರೂ ಚಿಪ್ಪು ನೀಲಿಯಾಗುತ್ತದೆ. ಎರಡು ಪ್ರತಿ ಇರುವ ಹುಂಜ ಎಲ್ಲ ಮರಿಗಳಿಗೂ ಅದನ್ನು ಕೊಡುತ್ತದೆ, ಒಂದು ಪ್ರತಿ ಇರುವುದು ಅರ್ಧ ಮರಿಗಳಿಗೆ. ಕಂದು ಹಾಗಲ್ಲ, ಅನೇಕ ಜೀನ್‌ಗಳು ಚೂರುಚೂರಾಗಿ ಸೇರಿಸುವ ಬಣ್ಣ ಅದು. ನೀಲಿ ಇದೆಯೋ ಇಲ್ಲವೋ ಎಂದು ಕೇಳಬಹುದು. ಕಂದಿನ ವಿಷಯದಲ್ಲಿ ಎಷ್ಟಿದೆ ಎಂದಷ್ಟೇ ಕೇಳಬಹುದು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಟ್ಟುಬಿಡಬೇಕು. ಹೇಂಟೆಯ ಜೊತೆ ಯಾವ ಹುಂಜ ಕೂಡಿದರೂ ಆ ಹೇಂಟೆ ಇಡುವ ಮೊಟ್ಟೆಯ ಬಣ್ಣ ಬದಲಾಗುವುದಿಲ್ಲ. ಹಾಗಾಗಿ ಹುಂಜ ಹುಟ್ಟಿದ ಮೊಟ್ಟೆಯ ಬಣ್ಣ ಅದರ ತಾಯಿಯ ಸಾಕ್ಷಿ ಮಾತ್ರ. ತುರಾಯಿ ನೀಲಿ ಮೊಟ್ಟೆಯಿಂದ ಬಂದಿದ್ದಾನೆ ಎಂದರೆ ಅವನ ತಾಯಿಯಲ್ಲಿ ನೀಲಿ ಇತ್ತು ಎಂದರ್ಥ. ಅವನಲ್ಲಿ ಎರಡು ಪ್ರತಿ ಇರಬಹುದು, ಒಂದಿರಬಹುದು, ಒಂದೂ ಇಲ್ಲದಿರಬಹುದು.

ಗಡ್ಡನ ಬಟಾಣಿ ಜುಟ್ಟಿಗೆ ಮಾತ್ರ ಸ್ವಲ್ಪ ತೂಕವಿದೆ. ಬಟಾಣಿ ಜುಟ್ಟಿನ ಜೀನ್ ಮತ್ತು ನೀಲಿಯ ಜೀನ್ ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತಿವೆ. ಇದು 1939ರಿಂದ ಗೊತ್ತಿರುವ ಸಂಗತಿ. ನೀಲಿ ಮೊಟ್ಟೆಯ ಅರೌಕಾನಾ, ಅಮೆರೌಕಾನಾ ತಳಿಗಳ ಮೂಲದ ಹಿಂಡುಗಳಲ್ಲಿ ಇವೆರಡೂ ಕೈಹಿಡಿದುಕೊಂಡೇ ಸಾಗುತ್ತವೆ, ನೂರರಲ್ಲಿ ಮೂರರಿಂದ ಐದು ಸಲ ಮಾತ್ರ ಬೇರೆಯಾಗುತ್ತವೆ. ಆದರೆ ಬ್ರಹ್ಮಾ ತಳಿಗೂ ಬಟಾಣಿ ಜುಟ್ಟೇ ಇದೆ, ಅದರಲ್ಲಿ ನೀಲಿ ಇಲ್ಲ. ಹಿಂಡಿನಲ್ಲಿ ಎಂದೋ ಒಂದು ಬ್ರಹ್ಮಾ ಬೆರೆತಿದ್ದರೆ ಜುಟ್ಟು ನಂಬಿದವರು ಕೆಟ್ಟರು. ಕ್ರೀಮ್ ಲೆಗ್‌ಬಾರ್‌ನಲ್ಲಿ ನೀಲಿಯ ಜೊತೆಗಿರುವುದು ಒಂಟಿ ಜುಟ್ಟು. ಆದ್ದರಿಂದ ತುರಾಯಿಯ ತಲೆ ನೋಡಿ ಹೇಳಬಹುದಾದದ್ದು ಏನೂ ಇಲ್ಲ.

ಪರೀಕ್ಷೆಗೆ ಲೆಗ್‌ಹಾರ್ನ್ ಏಕೆ

ಒಳ್ಳೆಯ ಹುಂಜವನ್ನು ಒಳ್ಳೆಯ ಬಣ್ಣದ ಹೇಂಟೆಗೇ ಕೂಡಿಸಬೇಕು ಎನಿಸುವುದು ಸಹಜ. ಪರೀಕ್ಷೆಗೆ ಅದು ತಪ್ಪು. ಹಸಿರು ಮೊಟ್ಟೆಯ ಹೇಂಟೆಯ ಮಗಳು ಹಸಿರು ಇಟ್ಟರೆ ನೀಲಿ ಅಮ್ಮನದೋ ಅಪ್ಪನದೋ? ಹೇಳಲಾಗದು. ಬಿಳಿ ಮೊಟ್ಟೆಯ ಲೆಗ್‌ಹಾರ್ನ್‌ನಲ್ಲಿ ನೀಲಿ ಇಲ್ಲ, ಕಂದು ಕೂಡ ಹೆಚ್ಚುಕಡಿಮೆ ಇಲ್ಲ. ಆದ್ದರಿಂದ ಅದರ ಮಗಳ ಮೊಟ್ಟೆಯಲ್ಲಿ ಕಾಣುವ ನೀಲಿ ಪೂರ್ತಿ ಅಪ್ಪನದು. ಕಂದು ಛಾಯೆಯೂ ಬಹುಪಾಲು ಅಪ್ಪನದೇ. ಲೆಗ್‌ಹಾರ್ನ್ ಇಲ್ಲಿ ಬಿಳಿ ಹಾಳೆಯ ಕೆಲಸ ಮಾಡುತ್ತದೆ.

ಎಷ್ಟು ಹೆಣ್ಣುಮಕ್ಕಳು ಬೇಕು? ಒಂದು ಪ್ರತಿಯ ಹುಂಜಕ್ಕೆ ಹುಟ್ಟುವ ಪ್ರತಿ ಮಗಳೂ ನಾಣ್ಯ ಚಿಮ್ಮಿದ ಹಾಗೆ. ಐದು ಹೆಣ್ಣುಗಳೂ ನೀಲಿಯಾಗಿ ಬಂದು ನಮ್ಮನ್ನು ಮೋಸಗೊಳಿಸುವ ಸಾಧ್ಯತೆ 32ರಲ್ಲಿ 1. ಏಳಾದರೆ 128ರಲ್ಲಿ 1. ಐದಕ್ಕಿಂತ ಕಡಿಮೆ ಇಟ್ಟುಕೊಂಡು ತೀರ್ಪು ಕೊಡಬಾರದು. ಬಿಳಿ ಮೊಟ್ಟೆ ಇಡುವ ಒಬ್ಬ ಮಗಳು ಸಿಕ್ಕರೆ ಮಾತ್ರ ಅಲ್ಲಿಗೇ ಮುಗಿಯಿತು: ಆ ಹುಂಜದಲ್ಲಿ ಎರಡು ಪ್ರತಿ ಇಲ್ಲ.

ನೀಲಿ ಜೀನ್‌ಗೆ ಡಿಎನ್‌ಎ ಪರೀಕ್ಷೆ ಇದೆ. ಗರಿಯ ಬುಡ ಅಥವಾ ಒಂದು ಹನಿ ರಕ್ತ ಸಾಕು. ತುರ್ತಿದ್ದರೆ ಅದೇ ಒಳ್ಳೆಯದು. ಆದರೆ ಕಂದಿನ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಇಲ್ಲಿ ಎರಡೂ ಬೇಕಿದ್ದರಿಂದ ಕೂಡಿಕೆಯ ಪರೀಕ್ಷೆಯನ್ನೇ ಆರಿಸಿದ್ದು.

ಮೂರು ಹುಂಜಗಳಿಗೂ ಅದೇ ಐದು ಹೇಂಟೆಗಳು: ಮೂರು ಲೆಗ್‌ಹಾರ್ನ್, ಜೊತೆಗೆ ಎರಡು ಮರಾನ್. ಒಂದೊಂದು ಹುಂಜಕ್ಕೆ ಒಂದೊಂದು ಲೆಗ್‌ಹಾರ್ನ್ ಹಂಚಿದ್ದರೆ ಸಮಯ ಉಳಿಯುತ್ತಿತ್ತು ನಿಜ. ಆಗ ಹೇಂಟೆಗಳ ನಡುವಿನ ವ್ಯತ್ಯಾಸವೇ ಹುಂಜಗಳ ವ್ಯತ್ಯಾಸದಂತೆ ಕಾಣುವ ಅಪಾಯವಿತ್ತು. ಮರಾನ್ ಸೇರಿಸಿದ್ದು ಮುಂದಿನ ತಲೆಮಾರಿಗೆ. ಬಿಳಿ ಮೊಟ್ಟೆ, ಕಡು ಕಂದು ಮೊಟ್ಟೆ ಒಂದೇ ಗೂಡಿನಲ್ಲಿ ಬಿದ್ದಿದ್ದರೂ ಯಾರದೆಂಬ ಗೊಂದಲ ಹುಟ್ಟುವುದಿಲ್ಲ, ಅದೊಂದು ಅನುಕೂಲ.

84 ದಿನದ ಯೋಜನೆ 95 ದಿನವಾದದ್ದು

ಹೇಂಟೆಯ ದೇಹದಲ್ಲಿ ವೀರ್ಯ ಎರಡು ವಾರ ಜೀವಂತ ಇರುತ್ತದೆ, ಕೆಲವೊಮ್ಮೆ ಮೂರು ವಾರದವರೆಗೂ. ಆದ್ದರಿಂದ ಯೋಜನೆ ಹೀಗಿತ್ತು: ಹೊಸ ಹುಂಜ ಬಿಟ್ಟ ಮೇಲೆ 21 ದಿನದ ಮೊಟ್ಟೆಗಳನ್ನು ಕಾವಿಗೆ ಇಡದೆ ಬಿಟ್ಟುಬಿಡುವುದು, 22ರಿಂದ 28ನೇ ದಿನದವರೆಗಿನ ಮೊಟ್ಟೆ ಕಾವಿಗೆ. 29ನೇ ದಿನ ಮುಂದಿನ ಹುಂಜ. ಮೂರು ಹುಂಜಗಳಿಗೆ 84 ದಿನ.

ಗಡ್ಡನ ಸರದಿ ಲೆಕ್ಕದಂತೆ ಮುಗಿಯಿತು. ತುರಾಯಿಯ ಸರದಿಯಲ್ಲಿ ಅವಸರ ನುಗ್ಗಿತು. ಹುಂಜ ಬದಲಾಗಿ ಐದೇ ದಿನಕ್ಕೆ, ಅಂದರೆ 33ನೇ ದಿನದಿಂದ, ಮೊಟ್ಟೆ ಕೂಡಿಡಲು ಶುರು. ಕೊನೆಗೆ ಕೂಡಿದ ಹುಂಜದ ವೀರ್ಯವೇ ಮೇಲುಗೈ ಸಾಧಿಸುತ್ತದೆ ಎಂಬ ಮಾತನ್ನು ನಂಬಿ ಮಾಡಿದ್ದು. ಮಾತೇನೋ ನಿಜ, ಆದರೆ ಮೇಲುಗೈ ಎಂದರೆ ಪೂರ್ತಿ ಗೆಲುವಲ್ಲ. ಮರಿ ಒಡೆದ ದಿನ 13ರಲ್ಲಿ ಎರಡು ಮರಿಗಳ ಕೆನ್ನೆ ಹತ್ತಿ ತುರುಕಿದಂತೆ ಉಬ್ಬಿತ್ತು. ಲೆಗ್‌ಹಾರ್ನ್‌ಗೂ ಮರಾನ್‌ಗೂ ಕೆನ್ನೆಗರಿ ಇಲ್ಲ, ತುರಾಯಿಗೂ ಇಲ್ಲ. ಅದು ಇರುವುದು ಗಡ್ಡನೊಬ್ಬನಿಗೆ.

ಆ ಎರಡು ಮರಿಗಳನ್ನು ತೆಗೆದು ಉಳಿದ ಹನ್ನೊಂದನ್ನು ಇಟ್ಟುಕೊಳ್ಳಬಹುದಿತ್ತಲ್ಲ? ಆಗದು. ಗಡ್ಡ ಬೆರಕೆ, ಅವನ ಕೆನ್ನೆಗರಿಯ ಜೀನ್ ಒಂದೇ ಪ್ರತಿಯಿದ್ದರೆ ಅವನ ಅರ್ಧ ಮಕ್ಕಳಿಗೆ ಕೆನ್ನೆಗರಿ ಬರುವುದೇ ಇಲ್ಲ. ಅಂದರೆ ಉಳಿದ ಹನ್ನೊಂದರಲ್ಲೂ ಗಡ್ಡನ ಒಂದೆರಡು ಮಕ್ಕಳು ಅಡಗಿರಬಹುದು. ಇಡೀ ತಂಡವನ್ನೇ ಪರೀಕ್ಷೆಯಿಂದ ಹೊರಗಿಡಲಾಯಿತು. ಆ ಹೊತ್ತಿಗೆ ಗಡ್ಡ ಹೋಗಿ ಮೂವತ್ತು ದಿನ ದಾಟಿದ್ದರಿಂದ 61ರಿಂದ 67ನೇ ದಿನದ ಮೊಟ್ಟೆ ಮತ್ತೆ ಕಾವಿಗೆ. ಅವಸರ ತಿಂದದ್ದು 11 ದಿನ, ಒಂದು ಸುತ್ತಿನ ಕಾವು, 13 ಮರಿಗಳ ಜಾಗ.

ಕಡು ಮೊಟ್ಟೆಯ ಕಾವು

ಬಿಳಿ ಮೊಟ್ಟೆಗಳ ಕಾವಿನಲ್ಲಿ ಹೇಳುವಂಥದ್ದೇನಿಲ್ಲ: ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ, ತೇವಾಂಶ 45ರಿಂದ 50 ಶೇಕಡಾ, 18ನೇ ದಿನ ತಿರುಗಿಸುವುದು ನಿಲ್ಲಿಸಿ ತೇವಾಂಶ 65-70ಕ್ಕೆ. ಕಾವಿಗಿಡುವ ಮುಂಚೆ ಮೊಟ್ಟೆ ಒಂದು ವಾರಕ್ಕಿಂತ ಹೆಚ್ಚು ಹಳತಾಗಬಾರದು, ತಂಪು ಜಾಗದಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟಿರಬೇಕು, ತೊಳೆಯಬಾರದು.

ತೊಂದರೆ ಕೊಡುವುದು ಮರಾನ್ ಮೊಟ್ಟೆ. ಮರಿ ಬೆಳೆಯುತ್ತಿದೆಯೇ ಎಂದು ನೋಡಲು ಏಳನೇ ದಿನ ಟಾರ್ಚ್ ಹಿಡಿದರೆ ಬೆಳಕು ಒಳಗೆ ಹೋಗುವುದೇ ಇಲ್ಲ. ದಪ್ಪ ತುದಿಯ ಗಾಳಿಗೂಡಿನ ಗೆರೆ ಮಾತ್ರ ಮಸುಕಾಗಿ ಕಂಡೀತು. ರಕ್ತನಾಳ ಹುಡುಕುತ್ತ ಮೊಟ್ಟೆಯನ್ನು ಮತ್ತೆಮತ್ತೆ ಹೊರಗೆ ತೆಗೆಯುವ ಬದಲು ತಕ್ಕಡಿ ಬಳಸುವುದು ಮೇಲು. ಕಾವಿನ 18 ದಿನಗಳಲ್ಲಿ ಮೊಟ್ಟೆ ತನ್ನ ತೂಕದ 11ರಿಂದ 13 ಶೇಕಡಾ ಕಳೆದುಕೊಳ್ಳಬೇಕು. 64 ಗ್ರಾಂ ಮೊಟ್ಟೆ ಏಳನೇ ದಿನ 61ರ ಆಸುಪಾಸು, 18ನೇ ದಿನ 56ಕ್ಕೆ ಇಳಿದಿರಬೇಕು. ಕಡು ಬಣ್ಣದ ಮೊಟ್ಟೆಗಳಿಂದ ನೀರು ನಿಧಾನವಾಗಿ ಆರುವುದುಂಟು. ಏಳನೇ ದಿನ ಇನ್ನೂ 62.5 ಗ್ರಾಂ ತೋರಿಸಿದರೆ ತೇವಾಂಶವನ್ನು 35-40ಕ್ಕೆ ಇಳಿಸಬೇಕು. ಇಲ್ಲದಿದ್ದರೆ ಗಾಳಿಗೂಡು ಸಣ್ಣದಾಗಿ, ಮರಿ ಚಿಪ್ಪು ಒಡೆಯುವ ಹೊತ್ತಿಗೆ ಉಸಿರುಗಟ್ಟಿ ಒಳಗೇ ಉಳಿಯುತ್ತದೆ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಮೊದಲ ದಿನದ ತೂಕವನ್ನು ಪೆನ್ಸಿಲ್‌ನಲ್ಲಿ ಮೊಟ್ಟೆಯ ಮೇಲೇ ಬರೆಯಬೇಕು. ಕಡು ಕಂದಿನ ಮೇಲೆ ಬಿಳಿ ಪೆನ್ಸಿಲ್.

18ನೇ ದಿನ ಬಿಳಿ ಮೊಟ್ಟೆ, ಕಂದು ಮೊಟ್ಟೆಗಳನ್ನು ಬೇರೆಬೇರೆ ಬಲೆಚೀಲದಲ್ಲಿಟ್ಟು ಪೆಟ್ಟಿಗೆಗೆ ಹಾಕಿದ್ದರಿಂದ ಮರಿಗಳ ತಾಯಿ ಯಾರೆಂಬುದು ಕಳೆದುಹೋಗಲಿಲ್ಲ. ಮರಿ ಒಣಗಿದ ಕೂಡಲೇ ಕಾಲಿಗೆ ಬಣ್ಣದ ಉಂಗುರ: ಕೆಂಪು ಗಡ್ಡನದು, ನೀಲಿ ತುರಾಯಿಯದು, ಹಳದಿ ಕರಿಯನದು, ಮರಾನ್ ಮಕ್ಕಳಿಗೆ ಎರಡು ಉಂಗುರ. ಎರಡು-ಮೂರು ವಾರಕ್ಕೊಮ್ಮೆ ದೊಡ್ಡ ಉಂಗುರಕ್ಕೆ ಬದಲಿಸದಿದ್ದರೆ ಅದು ಚರ್ಮದೊಳಗೆ ಹೂತುಹೋಗುತ್ತದೆ. ಬೇಗ ದೊಡ್ಡದು ಹಾಕಿದರೆ ಉದುರಿಹೋಗಿ ಮರಿ ಅನಾಮಿಕವಾಗುತ್ತದೆ.

ಮೊಟ್ಟೆ ಓದುವುದು

ಹೊಸ ಹೇಂಟೆಯ ಮೊದಲ ನಾಲ್ಕೈದು ಮೊಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಬಣ್ಣ ಅತಿ ಗಾಢವಾಗಿಯೋ ಪಟ್ಟೆಪಟ್ಟೆಯಾಗಿಯೋ ಇರುತ್ತದೆ. ಎರಡನೇ ವಾರದಿಂದ ನಾಲ್ಕನೇ ವಾರದವರೆಗಿನವೇ ನಂಬಿಕೆಗೆ ಅರ್ಹ. ಹೋಲಿಕೆ ನೆರಳಿನ ಹಗಲುಬೆಳಕಿನಲ್ಲಿ, ಒಂದೇ ಜಾಗದಲ್ಲಿ, ಪಕ್ಕದಲ್ಲಿ ಒಂದು ಲೆಗ್‌ಹಾರ್ನ್ ಮೊಟ್ಟೆ ಇಟ್ಟುಕೊಂಡು. ಫೋಟೊ ಮಾತ್ರ ನಂಬಿದರೆ ಮೊಬೈಲ್ ತನ್ನಿಷ್ಟದ ಬಣ್ಣ ತೋರಿಸುತ್ತದೆ. ಫೋಟೊದೊಳಗೂ ಅದೇ ಬಿಳಿ ಮೊಟ್ಟೆ ಇರಲಿ.

ಯಾವ ಹೇಂಟೆಯದು ಯಾವ ಮೊಟ್ಟೆ ಎಂದು ತಿಳಿಯಲು ಸರಳ ಉಪಾಯವೊಂದಿದೆ. ರಾತ್ರಿ ಮಲಗಿದಾಗ ಹೇಂಟೆಯ ಗುದದ್ವಾರದ ಸುತ್ತ ಕೇಕಿಗೆ ಹಾಕುವ ಬಣ್ಣದ ಜೆಲ್ ಸವರಿದರೆ ಮರುದಿನದ ಮೊಟ್ಟೆಯ ಮೇಲೆ ಗೆರೆ ಮೂಡಿರುತ್ತದೆ. ದಿನಕ್ಕೆ ಇಬ್ಬರಿಗೆ ಎರಡು ಬೇರೆ ಬಣ್ಣ ಹಚ್ಚುತ್ತ ಹೋದರೆ ವಾರ ಹತ್ತು ದಿನದಲ್ಲಿ ಇಡೀ ತಂಡದ ಲೆಕ್ಕ ಸಿಗುತ್ತದೆ.

ನೀಲಿ ಇದೆಯೇ ಎಂಬ ಅನುಮಾನವನ್ನು ಬಗೆಹರಿಸುವುದು ಮೊಟ್ಟೆಯ ಒಳಮೈ. ಗಡ್ಡನ ಒಬ್ಬ ಮಗಳ ಮೊಟ್ಟೆ ಹೊರಗಿನಿಂದ ಮಾಸಿದ ಕೆನೆ ಬಣ್ಣ. ಹಸಿರೆಂದರೆ ಹಸಿರು, ಇಲ್ಲವೆಂದರೆ ಇಲ್ಲ ಎಂಬಂತಿತ್ತು. ಮೊಟ್ಟೆ ಒಡೆದು, ಚಿಪ್ಪನ್ನು ನೀರಿನಲ್ಲಿ ನೆನೆಸಿ, ಒಳಗಿನ ತೆಳು ಪೊರೆಯನ್ನು ಅಂಚಿನಿಂದ ಹಿಡಿದು ಸುಲಿದದ್ದಾಯಿತು. ಪೊರೆ ಇರುವವರೆಗೆ ಎಲ್ಲ ಚಿಪ್ಪೂ ಬಿಳಿಯಾಗೇ ಕಾಣುತ್ತದೆ, ಅನೇಕರು ಎಡವುವುದು ಅಲ್ಲೇ. ಸುಲಿದ ಮೇಲೆ ಲೆಗ್‌ಹಾರ್ನ್ ಚಿಪ್ಪಿನ ಪಕ್ಕ ಹಿಡಿದರೆ ಒಳಮೈ ಸ್ಪಷ್ಟವಾಗಿ ತಿಳಿ ನೀಲಿ. ಹೊರಗಿನ ತೆಳು ಕಂದು ಅದನ್ನು ಮರೆಮಾಡಿತ್ತು, ಅಷ್ಟೇ. ಕಂದು ಮೊಟ್ಟೆಯ ಒಳಮೈ ಬಿಳಿಯಾಗಿರುತ್ತದೆ. ಆಲಿವ್ ಮೊಟ್ಟೆಯದು ನೀಲಿಹಸಿರು.

ಲೆಗ್‌ಹಾರ್ನ್ ಮಕ್ಕಳ ಫಲಿತಾಂಶ ಹೀಗೆ ಬಂತು. ಗಡ್ಡನ 6 ಹೆಣ್ಣುಗಳಲ್ಲಿ 3 ಹಸಿರು ಮಿಶ್ರಿತ ತಿಳಿ ನೀಲಿ, 3 ಕೆನೆ: ಒಂದೇ ಪ್ರತಿ, ಜೊತೆಗೆ ಸ್ವಲ್ಪ ಕಂದು. ತುರಾಯಿಯ 7 ಹೆಣ್ಣುಗಳಲ್ಲಿ ಏಳೂ ನಿರ್ಮಲ ತಿಳಿ ನೀಲಿ: ಬಹುಮಟ್ಟಿಗೆ ಎರಡು ಪ್ರತಿ, ಕಂದು ಇಲ್ಲವೆನ್ನುವಷ್ಟು ಕಡಿಮೆ. ಕರಿಯನ 5 ಹೆಣ್ಣುಗಳದೂ ಕೆನೆ ಬಣ್ಣ. ಆ ಕೆನೆ ಗಡ್ಡನ ಮಕ್ಕಳ ಕೆನೆಗಿಂತ ಗಾಢವಾಗಿದ್ದಿದ್ದರೆ ಕರಿಯನಿಗೆ ಬೆಲೆ ಬರುತ್ತಿತ್ತು. ಮೊಟ್ಟೆಗಳನ್ನು ಬೆರೆಸಿ ಸಾಲಾಗಿ ಇಟ್ಟರೆ ಯಾವುದು ಯಾರದೆಂದು ಬೇರ್ಪಡಿಸಲು ಆಗಲಿಲ್ಲ.

ಮರಾನ್ ಹೇಂಟೆಗಳಿಗೆ ಹುಟ್ಟಿದ ಕರಿಯನ ಇಬ್ಬರು ಹೆಣ್ಣುಮಕ್ಕಳೂ ಇದನ್ನೇ ಹೇಳಿದರು. ತಾಯಂದಿರ ಮೊಟ್ಟೆಗಿಂತ ಎದ್ದು ಕಾಣುವಷ್ಟು ತಿಳಿ. ಅವನು ಕಡು ಕಂದು ಮೊಟ್ಟೆಯಿಂದ ಬಂದವನೇ, ಸುಳ್ಳಲ್ಲ. ಆದರೆ ಆ ಮೊಟ್ಟೆ ಅವನ ತಾಯಿಯದು. ತಾಯಿಯ ಕಂದಿನ ಜೀನ್‌ಗಳಲ್ಲಿ ಅರ್ಧ ಮಾತ್ರ ಅವನಿಗೆ ಬಂದಿದೆ, ಉಳಿದರ್ಧ ತುಂಬಿದ್ದು ಯಾವುದೋ ಸಾಧಾರಣ ಅಪ್ಪ. ತಾಮ್ರದ ಕತ್ತು, ಕಾಲಿನ ಗರಿ ಇವು ಬೇರೆ ಜೀನ್‌ಗಳ ಕೆಲಸ, ಚಿಪ್ಪಿನ ಬಣ್ಣಕ್ಕೂ ಅವಕ್ಕೂ ನಂಟಿಲ್ಲ. ಹಿಂಡಿನ ಚೆಲುವ ಹೀಗೆ ಪಟ್ಟಿಯಿಂದ ಹೊರಗೆ.

ಗೆದ್ದವನು ತುರಾಯಿ ಎನಿಸಿತ್ತು

ಎರಡು ಪ್ರತಿ ಇರುವ ಹುಂಜ ಸಿಕ್ಕಿತು, ಇನ್ನೇನು ಬೇಕು? ಗಡ್ಡನನ್ನೂ ತೆಗೆದುಬಿಡಬಹುದು ಎನಿಸುವ ಹೊತ್ತಿಗೆ ಹಿಂಡಿನ ಲೆಕ್ಕದ ಪುಸ್ತಕದ ಇನ್ನೊಂದು ಕಾಲಂ ಕಣ್ಣಿಗೆ ಬಿತ್ತು: ಮರಿಗಳ ಜುಟ್ಟು. ಗಡ್ಡ-ಲೆಗ್‌ಹಾರ್ನ್ ಮಕ್ಕಳಲ್ಲಿ ನೀಲಿ ಇಟ್ಟ ಮೂವರಿಗೂ ಬಟಾಣಿ ಜುಟ್ಟು, ಕೆನೆ ಇಟ್ಟ ಮೂವರಿಗೂ ಒಂಟಿ ಜುಟ್ಟು. ಆರಕ್ಕೆ ಆರು. ಆರು ದೊಡ್ಡ ಸಂಖ್ಯೆಯೇನಲ್ಲ. ಆದರೆ ಜೀನ್‌ಗಳ ನೆರೆತನ ಮೊದಲೇ ಗೊತ್ತಿರುವಾಗ ಇಷ್ಟು ಸಾಕು. ಗಡ್ಡನ ಬಟಾಣಿ ಜುಟ್ಟು ಬ್ರಹ್ಮಾದ್ದಲ್ಲ, ನೀಲಿಯ ಜೊತೆಗೇ ಬಂದದ್ದು.

ಇದರಿಂದ ಏನಾಯಿತು ನೋಡಿ. ಮರಾನ್‌ಗೆ ಒಂಟಿ ಜುಟ್ಟು. ತುರಾಯಿ-ಮರಾನ್ ಮಕ್ಕಳೆಲ್ಲ ಒಂದು ಪ್ರತಿ ನೀಲಿ ಹೊತ್ತವರು, ಎಲ್ಲ ಹೆಣ್ಣೂ ಆಲಿವ್ ಇಡುತ್ತವೆ. ಮೊದಲ ತಲೆಮಾರಿಗೆ ಇದಕ್ಕಿಂತ ಚೆನ್ನಾದ ಕೂಡಿಕೆ ಇಲ್ಲ. ಆದರೆ ಕಡು ಆಲಿವ್ ಬೇಕೆಂದು ಆ ಮಕ್ಕಳನ್ನು ಮತ್ತೆ ಮರಾನ್ ಕಡೆಗೆ ಕೂಡಿಸಿದರೆ ಅರ್ಧ ಮರಿಗಳಿಗೆ ನೀಲಿ ಬರುವುದಿಲ್ಲ, ಎಲ್ಲಕ್ಕೂ ಒಂಟಿ ಜುಟ್ಟೇ. ಯಾವ ಮರಿಯಲ್ಲಿ ನೀಲಿ ಇದೆಯೆಂದು ತಿಳಿಯಲು ಎಲ್ಲ ಹೆಣ್ಣನ್ನೂ ಮೊಟ್ಟೆಗೆ ಬರುವತನಕ ಸಾಕಬೇಕು. ಒಂದು ಹೆಣ್ಣು 20 ವಾರ ತುಂಬುವಷ್ಟರಲ್ಲಿ ಸುಮಾರು 7ರಿಂದ 8 ಕಿಲೊ ಮೇವು ತಿಂದಿರುತ್ತದೆ; ಹನ್ನೆರಡು ಸಾಕಿ ಆರು ಉಳಿಸಿಕೊಳ್ಳುವ ವ್ಯವಹಾರ ಅದು. ಗಂಡುಮರಿಗಳ ಗತಿಯಂತೂ ಕೇಳುವುದೇ ಬೇಡ, ಮತ್ತೆ ಅದೇ ಪರೀಕ್ಷಾ ಕೂಡಿಕೆ.

ಗಡ್ಡ-ಮರಾನ್ ದಾರಿಯಲ್ಲಿ ಮೊದಲ ತಲೆಮಾರಿನಲ್ಲೇ ಅರ್ಧ ನಷ್ಟ. ಆದರೆ ಆ ಅರ್ಧ ಯಾವುದೆಂದು ಮರಿ ಒಡೆದ ದಿನವೇ ತಿಳಿಯುತ್ತದೆ. ಎರಡನೇ ತಲೆಮಾರಿನಲ್ಲೂ ತಿಳಿಯುತ್ತದೆ, ಮೂರನೆಯದರಲ್ಲೂ. ಗಂಡಿನಲ್ಲೂ ತಿಳಿಯುತ್ತದೆ, ಇದೇ ದೊಡ್ಡದು: ಬಟಾಣಿ ಜುಟ್ಟಿನ ಹುಂಜಮರಿ ಎಂದರೆ ನೀಲಿ ಹೊತ್ತ ಹುಂಜಮರಿ.

ಹಾಗಾಗಿ ತೀರ್ಮಾನ ಎರಡಾಗಿ ಒಡೆಯಿತು. ತಿಳಿ ನೀಲಿ ಮತ್ತು ಈ ವರ್ಷದ ಆಲಿವ್‌ಗೆ ತುರಾಯಿ. ಕಡು ಆಲಿವ್‌ನ ತಳಿ ಕಟ್ಟಲು ಒಂದೇ ಪ್ರತಿಯ ಗಡ್ಡ.

ಒಂದು ದಿನದ ಮರಿಯ ಜುಟ್ಟು ಓದಲು ಕಣ್ಣು ಪಳಗಬೇಕು. ಮರಿಯನ್ನು ಅಂಗೈಯಲ್ಲಿ ಹಿಡಿದು, ಕೊಕ್ಕಿನ ಬುಡದ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ. ಒಂಟಿ ಜುಟ್ಟಾದರೆ ನಡುವೆ ಉಗುರಿನಂಚಿನಷ್ಟು ತೆಳುವಾದ ಒಂದೇ ಏಣು, ಅದರಲ್ಲಿ ಸಣ್ಣ ಹಲ್ಲುಗಳು. ಬಟಾಣಿಯಾದರೆ ತಗ್ಗಾದ, ಅಗಲವಾದ ದಿಬ್ಬ. ಭೂತಗನ್ನಡಿಯಲ್ಲಿ ನೋಡಿದರೆ ಮೂರು ಸಾಲು. ಅನುಮಾನವಿದ್ದರೆ ಮೂರು ವಾರ ತಾಳಿ. ಒಂದೇ ಪ್ರತಿಯ ಬಟಾಣಿ ಜುಟ್ಟು ದೊಡ್ಡದಾಗುತ್ತ ನಡುವಿನ ಸಾಲು ಎತ್ತರವಾಗಿ, ಅಂಕುಡೊಂಕಾಗಿ ಬೆಳೆಯುವುದುಂಟು. ಅದನ್ನು ಕೆಟ್ಟ ಒಂಟಿ ಜುಟ್ಟೆಂದು ತಿಳಿದು ಮರಿಯನ್ನು ಹೊರಗೆ ಹಾಕಿಬಿಡಬೇಡಿ, ಪಕ್ಕದ ಎರಡು ಸಾಲು ಇವೆಯೇ ನೋಡಿ. ಹಿಂಡಿನಲ್ಲಿ ಗುಲಾಬಿ ಜುಟ್ಟಿನ ತಳಿ ಇದ್ದರೆ ಬಟಾಣಿಯ ಜೊತೆ ಸೇರಿ ಅಕ್ರೋಟು ಜುಟ್ಟಾಗುತ್ತದೆ, ಓದುವುದು ಕಷ್ಟ. ಅಂಥವನ್ನು ಈ ಕೂಡಿಕೆಯಿಂದ ದೂರ ಇಡುವುದೇ ಲೇಸು.

ಎರಡನೇ ತಲೆಮಾರು

ಗಡ್ಡ-ಮರಾನ್ ಮರಿಗಳು ಆರು. ಬಟಾಣಿ ಜುಟ್ಟಿನವು ಮೂರು, ಅದರಲ್ಲಿ ಗಂಡು ಎರಡು. ಮರಾನ್ ಇಬ್ಬರಲ್ಲಿ ಹೆಚ್ಚು ಗಾಢ ಮೊಟ್ಟೆ ಇಡುವವಳ ಮಗನನ್ನು ಉಳಿಸಿಕೊಂಡು, ಏಳು ತಿಂಗಳಾದ ಮೇಲೆ ಇನ್ನೊಬ್ಬ ಮರಾನ್‌ಗೆ ಕೂಡಿಸಲಾಯಿತು. ಸ್ವಂತ ತಾಯಿಗೇ ಕೂಡಿಸಿದ್ದರೆ ಬಣ್ಣ ಇನ್ನೂ ಗಾಢವಾಗಬಹುದಿತ್ತು. ಆದರೆ ತಾಯಿ-ಮಗನ ಕೂಡಿಕೆಯಲ್ಲಿ ಒಳಸಂತಾನದ ಪ್ರಮಾಣ 25 ಶೇಕಡಾ, ಮರಿ ಒಡೆಯುವ ಪ್ರಮಾಣ ಕುಸಿಯಲು ಅಷ್ಟು ಸಾಕು. ಎರಡು ಮರಾನ್‌ಗಳು ಒಡಹುಟ್ಟಿದವರೇ ಆಗಿದ್ದರೂ ಚಿಕ್ಕಮ್ಮನ ಜೊತೆಗಿನ ಕೂಡಿಕೆಯಲ್ಲಿ ಅದು 12.5. ಆಲಿವ್ ಹೇಂಟೆಗೆ ಆಲಿವ್ ತಳಿಯ ಹುಂಜ ಕೂಡಿಸುವ ದಾರಿಯನ್ನು ಬೇಕೆಂದೇ ಬಿಟ್ಟದ್ದು: ಕಾಲು ಭಾಗ ಮರಿಗಳು ನೀಲಿ ಕಳೆದುಕೊಳ್ಳುತ್ತವೆ, ಉಳಿದವುಗಳ ಕಂದು ಗಾಢಕ್ಕೂ ತಿಳಿಗೂ ಚದುರಿಹೋಗುತ್ತದೆ.

ನಡುವೆ ಒಂದು ಗಾಬರಿ. ಮರಾನ್ ಮೊಟ್ಟೆಗಳು ಎರಡೇ ದಿನದಲ್ಲಿ ಬಿಳಚಿಕೊಂಡವು. ಬ್ರಾಂಕೈಟಿಸ್ ಎಂಬ ಉಸಿರಾಟದ ಸೋಂಕು ಬಂದರೆ ಕಂದು ಹೀಗೆ ಮಾಸುತ್ತದೆ. ಆದರೆ ಕೆಮ್ಮಿಲ್ಲ, ಚಿಪ್ಪು ತೆಳ್ಳಗಾಗಿಲ್ಲ, ಸುಕ್ಕಿಲ್ಲ, ಮೊಟ್ಟೆಗಳ ಸಂಖ್ಯೆ ಕುಗ್ಗಿಲ್ಲ. ಕಾರಣ ಮೇವಿನ ಚೀಲದಲ್ಲಿತ್ತು: ಹೇಂಟೆಗಳ ಮೇವು ಮುಗಿದಾಗ ಮಾಂಸದ ಮರಿಗಳ ಮೇವನ್ನು ಹಾಕಿದ್ದಾರೆ, ಅದರಲ್ಲಿ ನಿಕಾರ್ಬಜಿನ್ ಎಂಬ, ಕಾಕ್ಸಿಡಿಯಾ ಎನ್ನುವ ಕರುಳಿನ ಪರಾವಲಂಬಿಯ ವಿರುದ್ಧದ ಔಷಧಿ. ಅದು ಕಂದು ಬಣ್ಣವನ್ನು ಒರೆಸಿಹಾಕುತ್ತದೆ, ಮರಿ ಒಡೆಯುವುದನ್ನೂ ಕೆಡಿಸುತ್ತದೆ. ಮೇವು ಬದಲಿಸಿದ ಕೆಲವು ದಿನಗಳಲ್ಲಿ ಬಣ್ಣ ಮರಳಿತು. ಆ ದಿನಗಳ ಮೊಟ್ಟೆ ಕಾವಿಗೂ ಇಡಲಿಲ್ಲ, ಅಡುಗೆಗೂ ಬಳಸಲಿಲ್ಲ. ಹೇಂಟೆಯ ಗುಣ ಅಳೆಯುವ ವಾರಗಳಲ್ಲಿ ಇಂಥದ್ದು ನಡೆದರೆ ಒಳ್ಳೆಯ ಹೇಂಟೆಯೂ ಕಳಪೆ ಎನಿಸಿಕೊಳ್ಳುತ್ತದೆ. ವರ್ಷದ ಕೊನೆಗೆ, ಗರಿ ಉದುರುವ ಮುಂಚೆ, ಕಂದು ತಾನಾಗಿಯೇ ತೆಳ್ಳಗಾಗುವುದು ಬೇರೆ ಸಂಗತಿ. ಅದಕ್ಕೇ ತಾಯಿ-ಮಗಳ ಮೊಟ್ಟೆಗಳನ್ನು ಹೋಲಿಸುವಾಗ ಇಬ್ಬರೂ ತಮ್ಮ ಮೊಟ್ಟೆಯಿಡುವ ಸುತ್ತಿನ ಒಂದೇ ಹಂತದಲ್ಲಿರಬೇಕು.

ಎರಡನೇ ತಲೆಮಾರಿನಲ್ಲಿ ಒಡೆದ 18 ಮರಿಗಳಲ್ಲಿ 9ಕ್ಕೆ ಬಟಾಣಿ ಜುಟ್ಟು, ಅದರಲ್ಲಿ 5 ಹೆಣ್ಣು. ಒಂಟಿ ಜುಟ್ಟಿನ ಒಂಬತ್ತನ್ನು ಮೂರನೇ ವಾರಕ್ಕೇ ಬೇರೆ ಮಾಡಿದ್ದರಿಂದ ಸಾಕಬೇಕಾದದ್ದು ಐದು ಹೆಣ್ಣು, ಆಯ್ಕೆಗೆ ಬೇಕಾದ ಒಂದೆರಡು ಗಂಡು. ಐವರಲ್ಲಿ ನಾಲ್ವರ ಮೊಟ್ಟೆ ತುರಾಯಿ-ಮರಾನ್ ಮಕ್ಕಳ ಆಲಿವ್‌ಗಿಂತ ಒಂದು ಹದ ಗಾಢ, ಪಾಚಿಗಟ್ಟಿದ ಕಲ್ಲಿನ ಬಣ್ಣ.

ಐದನೆಯವಳಿಗೆ ಬಟಾಣಿ ಜುಟ್ಟು, ಮೊಟ್ಟೆ ಮಾತ್ರ ಕಡು ಕಂದು. ಪೊರೆ ಸುಲಿದು ನೋಡಿದರೆ ಒಳಮೈ ಹಾಲುಬಿಳಿ. ನೂರರಲ್ಲಿ ಮೂರರಿಂದ ಐದು ಸಲ ಜೀನ್‌ಗಳು ಕೈಬಿಡುತ್ತವೆ ಎಂದದ್ದು ಇದನ್ನೇ. ಬುಟ್ಟಿಗೆ ಅವಳ ಮೊಟ್ಟೆ ಚೆಂದವೇ, ಅವಳನ್ನು ಸಾಕಬಹುದು. ಆದರೆ ಅವಳ ಒಂದು ಮರಿಯನ್ನೂ ತಳಿಗೆ ಬಿಡಬಾರದು. ನೀಲಿಯಿಲ್ಲದ ಬಟಾಣಿ ಜುಟ್ಟು ಅವಳಿಂದ ಹಿಂಡಿನೊಳಗೆ ಇಳಿದರೆ ಮುಂದೆ ಜುಟ್ಟು ನೋಡಿ ಮರಿ ಆರಿಸುವ ಸೌಕರ್ಯವೇ ಕೈತಪ್ಪುತ್ತದೆ. ಅವಳ ಕಾಲಿಗೀಗ ಬಿಳಿ ಉಂಗುರ. ಬಿಳಿ ಉಂಗುರದವಳ ಮೊಟ್ಟೆ ಕಾವುಪೆಟ್ಟಿಗೆಗೆ ಹೋಗುವುದಿಲ್ಲ.